ಹಂಡೆಯ ತಾಮ್ರ, ಓಕುಳಿಯ ಕೆಂಪು

ಅಣ್ಣನ ಮಗಳು ಬಾಣಂತನಕ್ಕೆ ನಮ್ಮೂರು ರಾರಾವಿಗೆ ಬಂದು ಮೂರು ತಿಂಗಳಾಗುವಷ್ಟರಲ್ಲಿ ಕೂಸಿನ ಜಳಕದ ಫೋಟೋಗಳೇ ಅವಳ ಫೋನಿನಲ್ಲಿ ಇನ್ನೂರರ ಹತ್ತಿರ ಸೇರಿದ್ದವು. ಬಚ್ಚಲಲ್ಲಿ ಕಾಲು ಚಾಚಿ ಕೂತ ನಮ್ಮವ್ವ, ಆಕೆಯ ಕಾಲ ಮೇಲೆ ಬೋರಲು ಮಲಗಿ ಅಳುವ ಕೂಸು, ಪಕ್ಕದಲ್ಲಿ ಹಬೆಯಾಡುವ ಹಂಡೆ. ಇವನ್ನೆಲ್ಲ ಕಂಪ್ಯೂಟರಿನಲ್ಲೇ ಪುಟ ಕಟ್ಟಿ ಡಿಜಿಟಲ್ ಸ್ಕ್ರ್ಯಾಪ್‌ಬುಕ್ ಮಾಡಬೇಕು, ಆಮೇಲೆ ಅಚ್ಚು ಹಾಕಿಸಿ ಇಡಬೇಕು ಎಂಬುದು ಅವಳ ಆಸೆ. ಜಳಕಕ್ಕೆ ಒಪ್ಪುತ್ತದೆಂದು ‘ಸ್ಪಾ’ ಹೆಸರಿನ ಒಂದು ಕಿಟ್ ಇಳಿಸಿಕೊಂಡಿದ್ದಳು. ತೆಳು ನೀಲಿ, ಮಾಸಿದ ಹಸಿರು, ಮರಳಿನ ಬಣ್ಣ, ಬಿಳಿ. ಒಂದರ ಮೇಲೊಂದು ಪೇರಿಸಿದ ನುಣುಪು ಕರಿಗಲ್ಲು, ಬಿದಿರು, ಸುರುಳಿ ಸುತ್ತಿದ ಟವೆಲು. ಚೆಂದವೇನೋ ಇತ್ತು. ಅರಿಶಿನ, ಕಡ್ಲೆಹಿಟ್ಟು ಮೆತ್ತಿಕೊಂಡ ಕೂಸಿನ ಫೋಟೋವನ್ನು ಮೊದಲ ಪುಟದಲ್ಲಿ ಕೂರಿಸಿ ಅಜ್ಜಿಗೆ ತೋರಿಸಿದಳು.

ನಮ್ಮವ್ವ ಕನ್ನಡಕ ಏರಿಸಿಕೊಂಡು ನೋಡಿ, ‘ಯವ್ವಾ, ಕೂಸಿಗೆ ಕಾಮಣಿ ಆದಂಗ ಕಾಣ್ತೈತಲ್ಲ!’ ಅಂದಳು.

ಕೂಸು ಗಟ್ಟಿಮುಟ್ಟಾಗಿಯೇ ಇತ್ತು. ಅದೇ ಫೋಟೋವನ್ನು ಬೇರೆಯಾಗಿ ತೆರೆದರೆ ತುಂಬಿದ ಕೆನ್ನೆ, ಹೊಳೆಯುವ ಮೈ. ತೆಳು ನೀಲಿ ಹಾಳೆಯ ಮೇಲೆ ಇಟ್ಟೊಡನೆ ಕಾಮಣಿ. ಹುಡುಗಿ ಫೋಟೋವನ್ನು ತಿದ್ದಲು ಹೊರಟಳು, ನಾನು ಹಾಳೆಯ ಬಣ್ಣ ತೆಗೆದು ನೋಡು ಅಂದೆ. ಅಲ್ಲಿಂದ ಶುರುವಾದ ಬಣ್ಣದ ಜಗಳ ಒಂದು ವಾರ ನಡೆಯಿತು.

ಹೀಗೇಕೆ ಕಾಣುತ್ತದೆ ಎಂದು ಲೋಕಕ್ಕೆ ವಿವರಿಸಿದಾತ ಮೂಲತಃ ಸಾಬೂನಿನ ಮನುಷ್ಯ ಎಂಬುದು ನನಗೆ ಬಹಳ ಇಷ್ಟದ ಸಂಗತಿ. ಫ್ರಾನ್ಸಿನ ಮಿಷೆಲ್ ಯೂಜೀನ್ ಶೆವ್ರಲ್ ರಸಾಯನಶಾಸ್ತ್ರಜ್ಞ. ಕೊಬ್ಬಿಗೆ ಕ್ಷಾರ ಸೇರಿಸಿದಾಗ ಸಾಬೂನು ಹೇಗೆ ಆಗುತ್ತದೆ, ಕೊಬ್ಬಿನೊಳಗೆ ಏನೇನಿದೆ ಎಂದು ಬಿಡಿಸಿ ಹೇಳಿದ ಅವನ ಪುಸ್ತಕ ಬಂದದ್ದು 1823ರಲ್ಲಿ. ಮರುವರ್ಷ ಅವನನ್ನು ಪ್ಯಾರಿಸ್‌ನ ಗೊಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಮುಖ್ಯಸ್ಥನಾಗಿ ನೇಮಿಸಿದರು. ಅಲ್ಲಿ ಕಾದಿದ್ದದ್ದು ಒಂದು ದೂರು: ಕಾರ್ಖಾನೆಯ ಕಪ್ಪು ನೂಲು ಕಪ್ಪಗೆ ಕಾಣುವುದಿಲ್ಲ, ಸಪ್ಪೆಯಾಗಿದೆ. ಶೆವ್ರಲ್ ಬೇರೆ ಕಡೆಯ ಕಪ್ಪು ನೂಲು ತರಿಸಿ ಹೋಲಿಸಿ ನೋಡಿದ. ಬಣ್ಣದಲ್ಲಿ ಏನೂ ದೋಷವಿರಲಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ಎಳೆಗಳು ಕಪ್ಪಿನ ಜೀವ ಹೀರುತ್ತಿದ್ದವು. ಒಂದು ಬಣ್ಣ ತನ್ನ ನೆರೆಯ ಬಣ್ಣವನ್ನು ತನ್ನ ವಿರುದ್ಧ ದಿಕ್ಕಿಗೆ ತಳ್ಳುತ್ತದೆ ಎಂಬ ಈ ನಿಯಮವನ್ನು 1839ರಲ್ಲಿ ದಪ್ಪ ಪುಸ್ತಕವಾಗಿಯೇ ಬರೆದ. 1786ರಲ್ಲಿ ಹುಟ್ಟಿದ ಈತ 1889ರವರೆಗೆ, ಅಂದರೆ 102 ವರ್ಷ ಬದುಕಿದ್ದ. ಸಾಬೂನು, ಬಣ್ಣ ಎರಡನ್ನೂ ಅರೆದು ಕುಡಿದವನಿಗೆ ಅಷ್ಟು ಆಯಸ್ಸು ಬೇಕೇ ಬೇಕಿತ್ತೇನೋ.

ನೀಲಿಯ ಎದುರು ದಿಕ್ಕು ಹಳದಿ. ತೆಳು ನೀಲಿ ಹಾಳೆ ಅರಿಶಿನದ ಮೈಯನ್ನು ಇನ್ನಷ್ಟು ಹಳದಿಗೆ ತಳ್ಳಿತು. ನಮ್ಮವ್ವ ಶೆವ್ರಲ್‌ನನ್ನು ಓದಿಲ್ಲ, ಕಣ್ಣು ಮಾತ್ರ ಅವನದೇ.

ಸ್ಕ್ರ್ಯಾಪ್‌ಬುಕ್ ಕಿಟ್ ಅಂದರೇನು ಎನ್ನುವವರಿಗೆ ಒಂದು ಮಾತು. ಮೊದಲು ಇದು ನಿಜವಾದ ಕಾಗದ, ಗೋಂದು, ರಿಬ್ಬನ್ನು, ಗುಂಡಿಗಳ ಆಟವಾಗಿತ್ತು. ಈಗ ಅವೆಲ್ಲ ಚಿತ್ರದ ಕಡತಗಳಾಗಿ ಸಿಗುತ್ತವೆ. ಹಿನ್ನೆಲೆಗೆ ಹತ್ತು ಹನ್ನೆರಡು ‘ಹಾಳೆ’, ಮೇಲೆ ಅಂಟಿಸಲು ಹೂವು, ದಾರ, ಚೌಕಟ್ಟುಗಳು, ತಲೆಬರಹಕ್ಕೆ ಅಕ್ಷರಗಳು. ಹಾಳೆ ಸಾಮಾನ್ಯವಾಗಿ 12 ಇಂಚು ಚೌಕ. ಇಂಚಿಗೆ 300 ಚುಕ್ಕಿಯಂತೆ ಒಂದೊಂದು ಬದಿಗೆ 3600 ಚುಕ್ಕಿ. ಇದೇನು ಪರದೇಶದ ಕಸುಬು ಅನ್ನಬೇಡಿ. ಸಿರುಗುಪ್ಪದಲ್ಲಿ ಮದುವೆ ಮಾಡಿದ ಯಾರ ಮನೆಗಾದರೂ ಹೋಗಿ, ಟ್ರಂಕಿನಿಂದ ಒಂದು ಕರಿಜ್ಮಾ ಆಲ್ಬಂ ತೆಗೆದು ತೊಡೆಯ ಮೇಲೆ ಇಡುತ್ತಾರೆ. ಬಿಚ್ಚಿದರೆ 36 ಇಂಚು ಅಗಲ. ಅರಿಶಿನ ಶಾಸ್ತ್ರದ ಪುಟದಲ್ಲಿ ಮದುಮಗಳ ಹಿಂದೆ ಸ್ವಿಟ್ಜರ್ಲೆಂಡಿನ ಹಿಮ, ಸುರಿಗಿ ನೀರಿನ ಪುಟದಲ್ಲಿ ಗುಲಾಬಿ ಮಳೆ. ಸ್ಟುಡಿಯೋದವರ ಹತ್ತಿರ ಡಿವಿಡಿಗಟ್ಟಲೆ ಬಂದ ಸಿದ್ಧ ಹಿನ್ನೆಲೆಗಳ ಕೃಪೆ. ಸ್ಪಾ ಕಿಟ್ಟೂ ಅದೇ ಕುಲದ್ದು, ಸ್ವಲ್ಪ ಮೆಲ್ಲಗೆ ಮಾತಾಡುತ್ತದೆ ಅಷ್ಟೆ.

ಆ ತೆಳು ನೀಲಿ, ಮಾಸಿದ ಹಸಿರು ಎಲ್ಲಿಂದ ಬಂದವು? ಸ್ಪಾ ಎಂಬುದು ಬೆಲ್ಜಿಯಂ ದೇಶದ ಒಂದು ಊರಿನ ಹೆಸರು. ಅಲ್ಲಿಯ ಊಟೆಗಳಿಗೆ ಶತಮಾನಗಳ ಕೀರ್ತಿ. 2021ರಲ್ಲಿ ಯುನೆಸ್ಕೊ ಯುರೋಪಿನ ಹನ್ನೊಂದು ಜಳಕದ ಊರುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಸ್ಪಾ ಕೂಡ ಅದರಲ್ಲಿತ್ತು. ತಮಾಷೆಯೆಂದರೆ ಆ ಊರಿನ ಹೆಸರಾಂತ ಊಟೆಗಳ ನೀರಿನಲ್ಲಿ ಕಬ್ಬಿಣದ ಅಂಶ ಹೇರಳ. ಅಂಥ ನೀರು ಗಾಳಿ ಸೋಕಿ ಹರಿದಲ್ಲೆಲ್ಲ ಕಲ್ಲಿಗೆ ತುಕ್ಕಿನ ಕೆಂಪು ಹತ್ತುತ್ತದೆ. ಅಂದರೆ ಸ್ಪಾ ಎಂಬ ಶಬ್ದದ ಹುಟ್ಟುಬಣ್ಣ ನಮ್ಮ ಸಂಡೂರಿನ ಅದಿರು ಲಾರಿ ಓಡಾಡುವ ರಸ್ತೆಬದಿಯ ಬೇವಿನ ಮರದ ಬಣ್ಣ! ತೆಳು ನೀಲಿ ಆಮೇಲೆ ಬಂದದ್ದು. ಸಮುದ್ರ ತೀರದ ರೆಸಾರ್ಟು, ಜಪಾನಿನ ಬಿದಿರು, ಹೋಟೆಲಿನ ಬಿಳಿ ಟವೆಲು ಎಲ್ಲವನ್ನೂ ಕಲಸಿ, ಯಾರಿಗೂ ಸೇರದ ಒಂದು ನೀರಿನ ಬಣ್ಣ ಮಾಡಿಟ್ಟರು. ಅದನ್ನು ನೋಡಿದರೆ ಮನಸ್ಸು ತಣ್ಣಗಾಗುತ್ತದೆಂದು ನಮಗೆಲ್ಲ ರೂಢಿಯೂ ಆಯಿತು.

ನಮ್ಮ ಕಡೆ ನೀರು ಆ ಬಣ್ಣಕ್ಕೆ ಇರುವುದೇ ಇಲ್ಲ. ರಾರಾವಿಯ ಪಕ್ಕದ ವೇದಾವತಿಯನ್ನು ನಾವು ಹಗರಿ ಅನ್ನುತ್ತೇವೆ. ಬಾಬಾಬುಡನ್‌ಗಿರಿಯ ಕಡೆ ಹುಟ್ಟಿ, ಹಿರಿಯೂರು ಹತ್ತಿರದ ಮಾರಿಕಣಿವೆಯ ಕಟ್ಟೆಯಲ್ಲಿ ನಿಂತು, ಆಂಧ್ರದ ನೆಲ ಹೊಕ್ಕು ಬರುವಷ್ಟರಲ್ಲಿ ಬೇಸಿಗೆಯಲ್ಲಿ ಉಳಿಯುವುದು ಉಸುಕು. ಉಸುಕಿನಲ್ಲಿ ಒರತೆ ತೋಡಿದರೆ ಬರುವ ನೀರಿಗೂ ಉಸುಕಿನದೇ ಬಣ್ಣ. ಅತ್ತ ತುಂಗಭದ್ರೆಗೆ ಮಳೆಗಾಲದ ಹೊಸ ನೀರು ಬಂದರೆ ಕೆಂಪು ಚಹಾ. ಕಾಲುವೆಯ ನೀರು ಭತ್ತದ ಗದ್ದೆಗೆ ನಿಂತಾಗ ಎರೆಮಣ್ಣಿನ ಕಪ್ಪು. ನೀಲಿ ಬೇಕೇ ಬೇಕು ಎಂದು ಹಟ ಹಿಡಿದರೆ ಬಳ್ಳಾರಿಯ ಜೀನ್ಸ್ ನೆನಪಿಸಿಕೊಳ್ಳಬೇಕು. ಹೊಲಿದ ಮೇಲೆ ವಾಷಿಂಗ್ ಘಟಕದ ಡ್ರಮ್ಮಿನಲ್ಲಿ ತಿರುಗಿ ತಿರುಗಿ ಮಾಸುವ ಆ ನೀಲಿಯೂ ಒಂದು ಬಗೆಯ ಜಳಕದ ಬಣ್ಣವೇ. ಸಮುದ್ರದ ನೀಲಿಗಿಂತ ಅದರಲ್ಲಿ ಬೂದು ಹೆಚ್ಚು, ಹಾಗಾಗಿ ಅರಿಶಿನದ ಪಕ್ಕ ಅಷ್ಟು ತಂಟೆ ಮಾಡುವುದಿಲ್ಲ.

ಕಿಟ್ಟನ್ನು ಬದಿಗಿಟ್ಟು ನಾವಿಬ್ಬರೂ ಬಚ್ಚಲಿಗೇ ಹೋದೆವು. ಬಣ್ಣ ಆರಿಸುವವರು ಮೊದಲು ಕೂರಬೇಕಾದ್ದು ಅಲ್ಲಿ.

ಹಂಡೆಯಿಂದ ಶುರು. ನಮ್ಮನೆಯ ತಾಮ್ರದ ಹಂಡೆಗೆ ಮೂರು ಬಣ್ಣ. ತಳದಲ್ಲಿ ಹೊಗೆಯ ಮಸಿ, ನಡುವೆ ಕಂದುಗಟ್ಟಿದ ತಾಮ್ರ, ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿದ ಕಂಠದ ಹತ್ತಿರ ಮಾತ್ರ ಗುಲಾಬಿಗೆ ಹತ್ತಿರದ ಹೊಳಪು. ಕಂಪ್ಯೂಟರಿನಲ್ಲಿ ‘ತಾಮ್ರ’ ಎಂದರೆ ಒಂದೇ ಬಣ್ಣ ಕೊಡುತ್ತಾರೆ, ಕಣ್ಣಿಗೆ ಕಾಣುವ ತಾಮ್ರ ಈ ಮೂರೂ ಸೇರಿದ್ದು. ನೀರು ತುಂಬುವ ಹಬ್ಬದ ಸಂಜೆ ಇದೇ ಹಂಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಎಳೆದು ಹಿಂಡಲಕಾಯಿ ಬಳ್ಳಿ ಸುತ್ತುತ್ತಾರೆ. ಕಪ್ಪು, ಬಿಳಿ, ಕೆಮ್ಮಣ್ಣು, ಹಸಿ ಬಳ್ಳಿ: ಯಾವ ವಿನ್ಯಾಸಕಾರನೂ ತೆಗೆದುಹಾಕುವಂಥದ್ದು ಅದರಲ್ಲಿ ಒಂದೂ ಇಲ್ಲ.

ನೆಲಕ್ಕೆ ಕಡಪ ಕಲ್ಲು. ನೀರು ಬಿದ್ದಾಗ ಕಪ್ಪು, ಆರಿದಾಗ ಬೂದು. ಸ್ಪಾ ಕಿಟ್ಟಿನ ಪೇರಿಸಿದ ಕರಿಗಲ್ಲಿನ ಕೆಲಸವನ್ನು ಇದು ಸುಮ್ಮನೆ ಮಲಗಿಕೊಂಡೇ ಮಾಡುತ್ತದೆ. ಗೂಡಿನಲ್ಲಿ ಸೀಗೆಪುಡಿ. ಒಣಗಿದ್ದಾಗ ಮಣ್ಣಿನ ಕಂದು, ನೀರು ಹಾಕಿದರೆ ಕೆಂಪು ಹತ್ತಿದ ಕಂದು. ಔಡಲ ಎಣ್ಣೆಯ ಬಾಟಲಿಯಲ್ಲಿ ಬೆಳಕು ಹಾಯ್ದರೆ ಜೇನಿನ ಹಳದಿ. ಬಾಣಂತಿಯ ನೀರಿಗೆ ಹಾಕಿದ ಬೇವಿನ ಸೊಪ್ಪು ಕುದಿಯುವಾಗ ತನ್ನ ಗಿಣಿಹಸಿರು ಬಿಟ್ಟು ಮಂಕು ಹಸಿರಾಗುತ್ತದೆ. ಕಿಟ್ಟಿನವರು ಮುತುವರ್ಜಿಯಿಂದ ಮಾಡಿದ ಮಾಸಿದ ಹಸಿರು ಇಲ್ಲಿ ಕೊಪ್ಪರಿಗೆಯಲ್ಲಿ ತಾನಾಗಿಯೇ ಬೆಂದು ಸಿಗುತ್ತದೆ. ಕೂಸಿನ ಮೈ ಒರೆಸಿ ಲೋಬಾನ ಹಾಕಿದ ಮೇಲೆ ಬೆಳಕಿಂಡಿಯ ಬಿಸಿಲಲ್ಲಿ ಎದ್ದು ನಿಲ್ಲುವ ಹೊಗೆಗೆ ಯಾವ ಹೆಸರಿಡಬೇಕೋ ತಿಳಿಯದು. ನೀಲಿ ಎಂದರೆ ನೀಲಿ, ಬೂದು ಎಂದರೆ ಬೂದು. ಬೂದಿಯ ಬಣ್ಣಕ್ಕಂತೂ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಬಹಳ ಹಳೆಯ ಸಾಕ್ಷಿ ಇದೆ. ಕುಡತಿನಿ ಹತ್ತಿರದ ಬೂದಿದಿಬ್ಬ ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯದು.

ಇನ್ನು ಅರಿಶಿನ. ಇದು ಬಣ್ಣವಷ್ಟೇ ಆಗಿದ್ದರೆ ಸುಲಭವಿತ್ತು. ಅರಿಶಿನದೊಳಗಿನ ಕರ್ಕ್ಯುಮಿನ್ ಹುಳಿಯ ಜೊತೆ ಹಳದಿಯಾಗಿಯೇ ಇರುತ್ತದೆ, ಕ್ಷಾರ ತಾಗಿತೋ ಕೆಂಪಾಗುತ್ತದೆ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಓಕುಳಿ. ಕೂಸಿಗೆ, ಮದುಮಕ್ಕಳಿಗೆ ನಿವಾಳಿಸುವ ಆರತಿ ನೀರಿನ ಕೆಂಪು, ಹನುಮಪ್ಪನ ಗುಡಿಯ ಮುಂದೆ ಎರಚಾಡುವ ಓಕುಳಿಯ ಕೆಂಪು, ಎರಡೂ ಇದೇ. ಹಳದಿ ಒಂದು ಬಟ್ಟಲು, ಬಿಳಿ ಒಂದು ಬಟ್ಟಲು, ಸೇರಿದರೆ ಕೆಂಪು. ಚಿತ್ರಕಲೆಯ ಮೇಷ್ಟ್ರು ಹೇಳುವ ಬಣ್ಣದ ಲೆಕ್ಕಕ್ಕೆ ಇದು ಸೇರುವುದಿಲ್ಲ, ಹಳದಿಗೆ ಬಿಳಿ ಸೇರಿಸಿದರೆ ತೆಳು ಹಳದಿ ಬರಬೇಕು. ಆದರೆ ಒಂದೇ ಬೇರಿನಿಂದ ಹುಟ್ಟಿದ ಹಳದಿ, ಕೆಂಪು ಪುಟದ ಮೇಲೆ ಅಕ್ಕತಂಗಿಯರಂತೆ ಹೊಂದಿಕೊಳ್ಳುವುದನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ.

ಹುಡುಗಿಯ ತಕರಾರು ನ್ಯಾಯವಾದದ್ದೇ. ‘ಕಾಕಾ, ತಾಮ್ರ, ಅರಿಶಿನ, ಓಕುಳಿ ಎಲ್ಲಾ ಒಂದೇ ಪುಟಕ್ಕೆ ಹಾಕಿದ್ರೆ ಜಾತ್ರಿ ಆಗ್ತೈತಿ. ನಂಗ ತಂಪು ಬೇಕು.’

ತಂಪು ಯಾವುದೋ ಒಂದು ಬಣ್ಣದ ಸ್ವತ್ತಲ್ಲ ಎಂಬುದು ನನ್ನ ವಾದ. ಪರದೆಯ ಮೇಲಿನ ಪ್ರತಿ ಬಣ್ಣವೂ ಕೆಂಪು, ಹಸಿರು, ನೀಲಿ ಬೆಳಕಿನ ಮೂರು ಅಂಕಿ. ಒಂದೊಂದೂ 0ಯಿಂದ 255ರವರೆಗೆ. ಒಟ್ಟು 1,67,77,216 ಬಣ್ಣ. ಈ ಸಂತೆಯಲ್ಲಿ ದಾರಿ ಹುಡುಕಲು ಮೂರು ಪ್ರಶ್ನೆ ಸಾಕು: ಬಣ್ಣದ ಕುಲ ಯಾವುದು, ಅದರ ಖಾರ ಎಷ್ಟು, ಅದರಲ್ಲಿ ಬೆಳಕು ಎಷ್ಟು. ಸ್ಪಾ ಕಿಟ್ಟು ತಂಪಾಗಿ ಕಾಣುವುದು ಅದರ ಕುಲ ನೀಲಿ-ಹಸಿರು ಎಂಬ ಕಾರಣಕ್ಕಿಂತ ಹೆಚ್ಚಾಗಿ ಅದರಲ್ಲಿ ಖಾರ ಕಡಿಮೆ ಎಂಬ ಕಾರಣಕ್ಕೆ. ಅದೇ ನೀಲಿಯ ಖಾರ ಏರಿಸಿದರೆ ಪ್ಲಾಸ್ಟಿಕ್ ಕೊಡ ಆಗುತ್ತದೆ. ಹಾಗೆಯೇ 255-190-0 ಎಂಬ ಅರಿಶಿನ ಕಿರುಚುತ್ತದೆ. 222-184-104 ಎಂದು ಇಳಿಸಿದರೆ ಕುಲ ಬಿಡದೆ ದನಿ ತಗ್ಗಿಸುತ್ತದೆ, ಹಳೆಯ ಇಳಕಲ್ ಸೀರೆಯ ಅಂಚು ನೂರು ಒಗೆತ ಕಂಡ ಮೇಲೆ ಆಗುವಂತೆ.

ಆಮೇಲೆ ಪ್ರಮಾಣ. ಒಳಾಂಗಣ ಅಲಂಕಾರ ಮಾಡುವವರು 60, 30, 10 ಎಂಬ ಲೆಕ್ಕ ಹೇಳುತ್ತಾರೆ. ನೂರರಲ್ಲಿ ಅರುವತ್ತು ಪಾಲು ಒಂದು ಬಣ್ಣ, ಮೂವತ್ತು ಇನ್ನೊಂದು, ಹತ್ತು ಮೂರನೆಯದು. ಸೋನಾಮಸೂರಿ ಬೆಳೆಯುವ ತಾಲ್ಲೂಕಿನವರಿಗೆ ಇದನ್ನು ಬೇರೆ ಹೇಳಬೇಕೆ? ಅನ್ನ, ಸಾರು, ಉಪ್ಪಿನಕಾಯಿ. ನಾವು ಸುಣ್ಣದ ಗೋಡೆಯ ಬಿಳಿಯನ್ನು (244-239-228) ಅನ್ನ ಮಾಡಿದೆವು. ಅಚ್ಚ ಬಿಳಿ ಕಣ್ಣಿಗೆ ಚುಚ್ಚುತ್ತದೆ, ಸುಣ್ಣಕ್ಕೆ ಹೊಗೆ ಕುಡಿದ ಒಂದು ಹದ ಇದೆ. ಸಾರಿಗೆ ಸೀಗೆಯ ಕಂದು, ಬೆಂದ ಬೇವಿನ ಹಸಿರು, ಆರಿದ ಕಡಪ ಕಲ್ಲು. ತಾಮ್ರ (184-115-51), ಅರಿಶಿನ ಉಪ್ಪಿನಕಾಯಿ. ಓಕುಳಿಗೆ ಇನ್ನೂ ಕಡಿಮೆ, ಪುಟಕ್ಕೊಂದು ದಾರ, ಇಲ್ಲವೇ ಒಂದು ಗುಂಡಿ. ಹೀಗೆ ಹಂಚಿದ ಮೇಲೆ ಜಾತ್ರೆ ಚದುರಿ ಮನೆ ಆಯಿತು.

ಈ ಮಿತವನ್ನು ಹಂಪಿಯಲ್ಲಿ ಕಟ್ಟಡವಾಗಿಯೇ ನೋಡಬಹುದು. ರಾಣಿಯರ ಸ್ನಾನಗೃಹ ಹೊರಗಿನಿಂದ ಸಪ್ಪೆ ಚೌಕ, ಒಂದೊಂದು ಬದಿ ಸುಮಾರು 30 ಮೀಟರ್. ಒಳಗೆ ಕಾಲಿಟ್ಟರೆ ಆಕಾಶಕ್ಕೆ ತೆರೆದ 15 ಮೀಟರ್ ಚೌಕದ ಕೊಳ, ಸುತ್ತ ಕಮಾನು, ನೀರಿನ ಮೇಲೆ ಚಾಚಿದ ಬಾಲ್ಕನಿಗಳು, ಗಾರೆಯ ಕುಸುರಿ. ಎಲ್ಲವೂ ಗಾರೆಯ ಒಂದೇ ಬಣ್ಣದ ಮನೆತನ, ನೆರಳಷ್ಟೇ ಬೇರೆ ಬೇರೆ. ಅಲ್ಲಿಂದ ತುಸು ದೂರದ, ಉತ್ಖನನದಲ್ಲಿ ಸಿಕ್ಕ ಮೆಟ್ಟಿಲುಗಳ ಪುಷ್ಕರಣಿಯದು ತದ್ವಿರುದ್ಧ, ಹಸಿರು ಬೆರೆತ ಕಪ್ಪು ಕಲ್ಲು. ನನ್ನನ್ನು ಕೇಳಿದರೆ ಜಳಕದ ಪುಟಕ್ಕೆ ಬೇಕಾದ ಬೆಳಕು, ಕತ್ತಲೆ ಎರಡೂ ಈ ಎರಡು ಕೊಳಗಳಲ್ಲಿ ಇವೆ.

ಬಣ್ಣ ಆರಿಸುವ ಕೆಲಸದಲ್ಲಿ ಕೈ ಸುಟ್ಟುಕೊಂಡ ಜಾಗಗಳನ್ನೂ ಹೇಳಬೇಕು. ಫೋಟೋದಿಂದಲೇ ಬಣ್ಣ ಹೀರುವ ಐಡ್ರಾಪರ್ ಸಾಧನವನ್ನು ಹಂಡೆಯ ಮೇಲೆ ಒತ್ತಿದರೆ ಒಮ್ಮೆ ಬಿಳಿ ಬರುತ್ತದೆ, ಒಮ್ಮೆ ಕಪ್ಪು ಬರುತ್ತದೆ. ಅದು ಒಂದೇ ಚುಕ್ಕಿಯನ್ನು ಓದುತ್ತದೆ, ನಮ್ಮ ಕಣ್ಣು ಸಾವಿರ ಚುಕ್ಕಿಯನ್ನು ಕಲಸಿ ಓದುತ್ತದೆ. ಮೊದಲು ಫೋಟೋವನ್ನು ಚೆನ್ನಾಗಿ ಮಸುಕು ಮಾಡಿ, ಆಮೇಲೆ ಹೀರಿದರೆ ಸರಿಯಾದ ತಾಮ್ರ ಸಿಗುತ್ತದೆ. ಇನ್ನೊಂದು ಮೋಸ ಫೋನಿನದು. ಚೌಕಟ್ಟಿನ ತುಂಬ ಅರಿಶಿನ ಕಂಡರೆ ಅದು ಬೆಳಕೇ ಹಳದಿ ಎಂದು ತಿಳಿದು ಚಿತ್ರದ ಮೇಲೆ ನೀಲಿ ಸುರಿಯುತ್ತದೆ. ಆಗ ಗೋಡೆಯ ಸುಣ್ಣವನ್ನೋ ಟವೆಲನ್ನೋ ಬಿಳಿ ಎಂದು ತೋರಿಸಿಕೊಟ್ಟು ತಿದ್ದಬೇಕು.

ಅಕ್ಷರಗಳ ತಾಪತ್ರಯ ಬೇರೆಯದೇ. ಕಿಟ್ಟಿನಲ್ಲಿ ಇಂಗ್ಲಿಷಿನ 26 ಅಕ್ಷರ ಬಿದಿರಿನಲ್ಲಿ ಕೊರೆದಂತೆ ಬಿಡಿಬಿಡಿ ಚಿತ್ರಗಳಾಗಿ ಬಂದಿದ್ದವು, ಮಣಿ ಪೋಣಿಸಿದಂತೆ ಜೋಡಿಸಿದರೆ ಆಯಿತು. ಕನ್ನಡವನ್ನು ಹಾಗೆ ಬಿಡಿ ಮಾರಲಾಗದು. ಕಾಗುಣಿತ, ಒತ್ತಕ್ಷರ ಸೇರಿದರೆ ಆಕಾರಗಳು ನೂರಾರು. ಕಿಟ್ಟು ಕಟ್ಟುವವರು ಕನ್ನಡದ ಕಡೆ ತಿರುಗಿ ನೋಡದಿರಲು ಇದೂ ಒಂದು ಕಾರಣ ಇರಬೇಕು. ಫಾಂಟಿನಲ್ಲಿ ಬರೆದು ಅದಕ್ಕೇ ಬಣ್ಣ ತುಂಬುವುದೊಂದೇ ದಾರಿ. ಆಗ ಬಣ್ಣದ ಅಂತರ ಮುಖ್ಯವಾಗುತ್ತದೆ. ವೆಬ್ ಪುಟಗಳಿಗೆ ಅಕ್ಷರ ಮತ್ತು ಹಿನ್ನೆಲೆಯ ಬೆಳಕಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಲಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆ. ಕನ್ನಡಕ್ಕೆ ಅದಕ್ಕಿಂತ ಹೆಚ್ಚು ಇರಬೇಕು ಅನ್ನುತ್ತೇನೆ ನಾನು. ಮಾಸಿದ ಹಸಿರಿನ ಮೇಲೆ ಬಿಳಿಯಲ್ಲಿ ‘ಅಜ್ಜಿ’ ಎಂದು ಸಣ್ಣಗೆ ಬರೆದರೆ ಕೆಳಗಿನ ಒತ್ತು ಕರಗಿ ‘ಅಜಿ’ ಆಗುತ್ತಾಳೆ. ನಾವು ಹೆಸರುಗಳನ್ನೆಲ್ಲ ಎರೆಮಣ್ಣಿನ ಕಪ್ಪಿನಲ್ಲಿ ಬರೆದೆವು, 62-56-52.

ಆ ಕಪ್ಪಿನ ಬಗ್ಗೆ ಸಿರುಗುಪ್ಪದ ಒಂದು ಸ್ಟುಡಿಯೋದ ಹುಡುಗ ಮೊದಲೇ ಎಚ್ಚರ ಹೇಳಿದ್ದ. ‘ಮ್ಯಾಟ್ ಲ್ಯಾಮಿನೇಷನ್ ಹಾಕಿಸ್ತೀರಂದ್ರ ಕರಿ ಸ್ವಲ್ಪ ಎತ್ತಿ ಕೊಡ್ರಿ ಸರ್, ಇಲ್ಲಂದ್ರ ಹಂಡೆ, ನೆಲ ಎಲ್ಲಾ ಒಂದಾ ಮುದ್ದಿ ಆಗ್ತಾವ.’ ಅವನ ಮಾತು ಸರಿ. ಪರದೆ ಬೆಳಕು ಬೀರುತ್ತದೆ, ಕಾಗದ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ನಾಲ್ಕು ಶಾಯಿಯ ಮುದ್ರಣದಲ್ಲಿ ಪರದೆಯ ಎಲ್ಲ ಬಣ್ಣಗಳೂ ಬರುವುದಿಲ್ಲ. ಹೆಚ್ಚು ಪೆಟ್ಟು ತಿನ್ನುವವುಗಳಲ್ಲಿ ಹೊಳೆಯುವ ನೀಲಿ-ಹಸಿರೂ ಒಂದು, ಅಂದರೆ ಸ್ಪಾ ಎಂದರೆ ಎಲ್ಲರೂ ಎಣಿಸುವ ಆ ಸಮುದ್ರದ ಬಣ್ಣ. ಅದು ಅಚ್ಚಿನಲ್ಲಿ ಪಾಚಿ ಕಟ್ಟುತ್ತದೆ. ಕಂದು, ಹಳದಿ, ಸುಣ್ಣ, ಬೂದುಗಳು ಹೆಚ್ಚು ತಕರಾರಿಲ್ಲದೆ ಕಾಗದಕ್ಕೆ ಇಳಿಯುತ್ತವೆ. ಬಚ್ಚಲಿನ ಬಣ್ಣಗಳ ಪರವಾಗಿ ನನಗೆ ಸಿಕ್ಕ ಗಟ್ಟಿ ಸಾಕ್ಷಿ ಇದು. ಹುಡುಗಿ ಕೊನೆಗೂ ಒಪ್ಪಿದ್ದು ನನ್ನ ಶೆವ್ರಲ್ ಪುರಾಣಕ್ಕಲ್ಲ, ಈ ಅಚ್ಚಿನ ಲೆಕ್ಕಕ್ಕೆ.

ಹದಿನಾಲ್ಕು ಪುಟ ಆಯಿತು. ಬಣ್ಣಗಳಿಗೆ ಕಿಟ್ಟಿನವರು ಹೆಸರಿಡುತ್ತಾರಲ್ಲ, ನಾವೂ ಇಟ್ಟೆವು: ಸುಣ್ಣ, ಸೀಗೆ, ಬೆಂದ ಬೇವು, ಒಣ ಕಡಪ, ಹಂಡೆ, ಅವ್ವನ ಅರಿಶಿನ, ಎರೆ. ಓಕುಳಿಯ ಅಂಕಿ ಮಾತ್ರ ಸರಿಹೋಗದೆ ಉಳಿದಿತ್ತು. ಕುಂಕುಮದ ಕಡೆ ವಾಲಿದರೆ ಬೆಂಕಿ, ಕಂದಿನ ಕಡೆ ವಾಲಿದರೆ ಇಟ್ಟಿಗೆ. ಕೊನೆಯ ಪುಟಕ್ಕೆ ಹುಡುಗಿ ಆರಿಸಿದ್ದು ಕೂಸನ್ನು ಸುತ್ತಿದ ಬಿಳಿ ಟವೆಲಿನ ಫೋಟೋ. ತುದಿಗೆ ಅರಿಶಿನದ ಕಲೆ ಹತ್ತಿತ್ತು. ಅಳಿಸಲೆಂದು ದೊಡ್ಡದು ಮಾಡಿದಳು. ಅರ್ಧ ಕಲೆ ಹಳದಿ, ಇನ್ನರ್ಧ ಕೆಂಪು. ಸಾಬೂನಿನ ಕೈ ಒರೆಸಿದ ಜಾಗ.

‘ಅಜ್ಜಿ, ಇದು ನಿನ್ ಕೈ!’ ಅಂದಳು.

ನಮ್ಮವ್ವ ಬಗ್ಗಿ ನೋಡಿದಳು. ‘ಹೌದಲ್ಲ. ಒಗದ್ರ ಹೋಗ್ತೈತಿ ಬಿಡು.’

ಹುಡುಗಿ ಆ ಜಾಗವನ್ನು ಮಸುಕು ಮಾಡಿ ಐಡ್ರಾಪರ್ ಒತ್ತಿದಳು. 178-62-44. ಓಕುಳಿ ಎಂದು ಹೆಸರು ಹೊಡೆದು ಉಳಿಸಿಕೊಂಡಳು. ಕಲೆಯನ್ನು ಅಳಿಸಲಿಲ್ಲ.